ಕೆರೆಯ ದೋಣಿಗೊಂದು ಕಾನೂನು

ತುಮಕೂರು ಸೀಮೆಯವರಿಗೂ ದೋಣಿಗೂ ಏನು ನಂಟು ಎಂದು ಕೇಳುವವರುಂಟು. ಕೇಳುವುದು ಸಹಜವೇ. ಇದು ಕಡಲ ನಾಡಲ್ಲ. ವರ್ಷವಿಡೀ ತುಂಬಿ ಹರಿಯುವ ಹೊಳೆಗಳ ನಾಡೂ ಅಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆಯೂ ಜಯಮಂಗಲಿಯೂ ಮಳೆಗಾಲ ಕಳೆಯಿತೆಂದರೆ ಮರಳನ್ನು ಹೊದ್ದು ಮಲಗುವ ನದಿಗಳು. ಆದರೆ ಹೊಳೆಯಲ್ಲಿ ಬಡವಾದ ಈ ನೆಲ ಕೆರೆಯಲ್ಲಿ ಬಡವಲ್ಲ. ಶಿಂಷೆಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಜನಪದರ ಹಾಡಿನಿಂದಾಗಿ ನೋಡದವರಿಗೂ ಪರಿಚಿತವಾದ ಕುಣಿಗಲ್ ಕೆರೆ, ಅದೇ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯ, ತುಮಕೂರು ನಗರದೊಳಗಿನ ಅಮಾನಿಕೆರೆ: ಇವು ಈ ಸೀಮೆಯ ಸಮುದ್ರಗಳು. ಹೇಮಾವತಿಯ ನಾಲೆ ಇತ್ತ ಹರಿದ ಮೇಲೆ, ಎಷ್ಟೋ ವರ್ಷ ಒಡಲು ಬಿರಿದು ಬಿದ್ದಿದ್ದ ಕೆರೆಗಳು ಮತ್ತೆ ನೀರು ಕಂಡಿವೆ.

ನೀರು ಬಂದಲ್ಲಿಗೆ ಜನ ಬರುತ್ತಾರೆ. ಕೆರೆಯ ಏರಿ ಕಾಲುದಾರಿಯಾಗುತ್ತದೆ, ಅಂಗಳ ಉದ್ಯಾನವಾಗುತ್ತದೆ, ಕಡಲೆಕಾಯಿ, ಚುರುಮುರಿ ಮಾರುವವರು ಬರುತ್ತಾರೆ. ಅವರ ಹಿಂದೆಯೇ ದೋಣಿವಿಹಾರದ ಮಾತೂ ಬರುತ್ತದೆ. ಹಿಂದೆ ನಮ್ಮ ಕೆರೆಗಳಲ್ಲಿ ತೇಲುತ್ತಿದ್ದುದು ಮೀನುಗಾರನ ತೆಪ್ಪ, ಹರಿಗೋಲು. ವರ್ಷಕ್ಕೊಮ್ಮೆ ದೇವರನ್ನು ಕೂರಿಸಿ ದೀಪ ಹಚ್ಚಿ ತೇಲಿಬಿಡುವ ತೆಪ್ಪ. ಈಗ ಯಂತ್ರ ಹೂಡಿದ ದೋಣಿಗಳ ಕಾಲ. ಹಣ ಕೊಟ್ಟು ಕುಳಿತರೆ ಹತ್ತು ನಿಮಿಷ ನೀರಿನ ಮೇಲೆ ಓಡಾಡಿಸಿ ತಂದು ಬಿಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಬಯಲುಸೀಮೆಯ ಮಗುವೊಂದು ನೀರಿನ ನಡುವೆ ಕುಳಿತು ತನ್ನ ಊರಿನ ಬೆಟ್ಟವನ್ನು ನೋಡುವುದು ಸಣ್ಣ ಸಂತೋಷವಲ್ಲ. ಆದರೆ ಆ ದೋಣಿಯಲ್ಲಿ ಏನೇನು ಇರಬೇಕು, ಯಾರು ಅದನ್ನು ನೋಡಿ ಸರಿಯೆನ್ನಬೇಕು, ಇಲ್ಲದಿದ್ದರೆ ನಾವು ಏನು ಮಾಡಬೇಕು ಎಂಬುದನ್ನು ತಿಳಿದವರು ವಿರಳ. ಬಸ್ಸಿನಲ್ಲಿ ಎಷ್ಟು ಸೀಟು ಎಂಬುದು ನಮಗೆ ಗೊತ್ತು. ದೋಣಿಯಲ್ಲಿ ಎಷ್ಟು ಎಂದರೆ ಹಿಡಿಸಿದಷ್ಟು ಎಂದುಕೊಂಡಿದ್ದೇವೆ.

ಈಜು ಮರೆತ ನಾಡು

ಒಂದು ತಲೆಮಾರಿನ ಹಿಂದೆ ಈ ಮಾತಿನ ಅವಸರ ಇಷ್ಟಿರಲಿಲ್ಲ. ಪ್ರತಿಯೊಂದು ತೋಟಕ್ಕೂ ಒಂದು ತೋಡುಬಾವಿ ಇತ್ತು. ಬೇಸಿಗೆಯ ರಜವೆಂದರೆ ಆ ಬಾವಿಯೇ ಶಾಲೆ. ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ, ಕತ್ತಾಳೆಯ ಬೆಂಡನ್ನೋ, ತೆಂಗಿನ ನಾಡಾದ ಗುಬ್ಬಿಯ ಕಡೆ ಎರಡು ಒಣ ತೆಂಗಿನಕಾಯಿಯನ್ನೋ ಕಟ್ಟಿ, ಅಣ್ಣನೋ ಸೋದರಮಾವನೋ ಹಿಂದಿನಿಂದ ತಳ್ಳಿದನೆಂದರೆ ಈಜಿನ ಪ್ರಥಮ ಪಾಠ ಆರಂಭವಾಯಿತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂಬ ಗಾದೆಯ ಅರ್ಥ ಆಗ ಹುಡುಗನ ಮೈಗೇ ತಿಳಿಯುತ್ತಿತ್ತು.

ಆ ಬಾವಿಗಳು ಈಗ ಬಹುಮಟ್ಟಿಗೆ ಇಲ್ಲ. ಕೊಳವೆಬಾವಿಗಳು ಬಂದು ಅಂತರ್ಜಲ ನೂರಾರು ಅಡಿ ಕೆಳಗಿಳಿಯಿತು. ತೋಡುಬಾವಿಗಳು ಬತ್ತಿದವು, ಕಸ ತುಂಬಿದವು. ಬಾವಿಯೊಂದಿಗೆ ನೀರು ಮಾತ್ರ ಹೋಗಲಿಲ್ಲ. ಈಜು ಎಂಬ ವಿದ್ಯೆಯೂ ಹೋಯಿತು. ಹೆಣ್ಣುಮಕ್ಕಳಿಗಂತೂ ಆ ವಿದ್ಯೆ ಆಗಲೂ ಅಪರೂಪವಾಗಿತ್ತು. ಹೀಗಾಗಿ ಒಂದು ವಿಚಿತ್ರ ಸನ್ನಿವೇಶ ಒದಗಿದೆ: ನಾಲೆಯ ನೀರಿನಿಂದ ಕೆರೆಗಳು ತುಂಬುತ್ತಿರುವ ಕಾಲದಲ್ಲಿಯೇ, ಈಜು ಬಾರದ ಒಂದು ಪೀಳಿಗೆ ಕೆರೆಯ ದಡಕ್ಕೆ ಬಂದು ನಿಂತಿದೆ. ನೀರಿನ ಪರಿಚಯವಿಲ್ಲದವನಿಗೆ ನೀರಿನ ಭಯವೂ ಇರುವುದಿಲ್ಲ. ಇದ್ದರೆ ಅದು ಬೇಕಾದಾಗ ಬರುವುದಿಲ್ಲ.

ಕೆರೆಯ ನೀರು ನಿಂತ ನೀರೆಂಬ ನಂಬಿಕೆಯೂ ಅಷ್ಟೇ ಅಪಾಯಕರ. ಮಾರ್ಕೋನಹಳ್ಳಿಯನ್ನೇ ನೋಡಿ. ಅಲ್ಲಿಯ ಜಲಾಶಯದ ಒಂದು ವೈಶಿಷ್ಟ್ಯವೆಂದರೆ ಇಂಜಿನಿಯರ್ ಗಣೇಶ ಅಯ್ಯರ್ ಅವರು ರೂಪಿಸಿದ ಸೈಫನ್ ವ್ಯವಸ್ಥೆ. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಯಾರ ಕೈಯೂ ಸೋಕದೆ, ಅದು ತಾನಾಗಿ ನೀರನ್ನು ಸೆಳೆದು ಹೊರಚೆಲ್ಲುತ್ತದೆ. ಗೇಟೆತ್ತುವ ಮನುಷ್ಯನ ಎಚ್ಚರವನ್ನು ನಂಬದೆ ಕಟ್ಟೆಯನ್ನು ಕಾಯುವ ಈ ಯುಕ್ತಿ ಮೈಸೂರು ಸಂಸ್ಥಾನದ ಇಂಜಿನಿಯರಿಂಗಿನ ಹೆಮ್ಮೆ. ಆದರೆ 2025ರ ಅಕ್ಟೋಬರ್ 7ರಂದು ಕೆಳಗಿನ ನೀರಿನಲ್ಲಿ ಆಡುತ್ತಿದ್ದ ಒಂದೇ ಕುಟುಂಬದ ಹಲವರು, ಇದ್ದಕ್ಕಿದ್ದಂತೆ ಬಂದ ಆ ಪ್ರವಾಹದಲ್ಲಿ ಕೊಚ್ಚಿಹೋದರು. ಅಲ್ಲಿ ದೋಣಿಯಿರಲಿಲ್ಲ ನಿಜ. ಆದರೆ ಪಾಠ ಒಂದೇ. ನೀರು ತನ್ನ ನಿಯಮದಂತೆ ನಡೆಯುತ್ತದೆ; ದಡದಲ್ಲಿರುವವರು ಯಾರೆಂದು ಅದು ಕೇಳುವುದಿಲ್ಲ.

ಬೆಂಡಿನಿಂದ ಅಂಗಿಯವರೆಗೆ

ಸೋರೆಬುರುಡೆಯ ತತ್ತ್ವವೇ ಇಂದಿನ ಲೈಫ್ ಜಾಕೆಟ್ಟಿನ ತತ್ತ್ವ. ಮನುಷ್ಯನ ದೇಹ ನೀರಿನಲ್ಲಿ ಬಹುಪಾಲು ತಾನೇ ತೇಲುತ್ತದೆ. ವಯಸ್ಕನೊಬ್ಬನ ತಲೆಯನ್ನು ನೀರಿನ ಮೇಲೆ ನಿಲ್ಲಿಸಲು ಇನ್ನು ಬೇಕಾದುದು ಸುಮಾರು 3ರಿಂದ 5 ಕಿಲೋ ತೂಕದಷ್ಟು ಎತ್ತುಬಲ ಮಾತ್ರ. ಇಷ್ಟು ಅಲ್ಪವಾದುದು ಇಲ್ಲದೆ ಜನ ಸಾಯುತ್ತಾರೆಂಬುದು ಯೋಚಿಸತಕ್ಕ ವಿಷಯ.

ಇಂಗ್ಲೆಂಡಿನಲ್ಲಿ ಕ್ಯಾಪ್ಟನ್ ವಾರ್ಡ್ ಎಂಬಾತ 1854ರಲ್ಲಿ, ಮುಳುಗುವವರನ್ನು ರಕ್ಷಿಸಲು ಹೋಗುವ ನಾವಿಕರಿಗಾಗಿ ಬೆಂಡಿನ ತುಂಡುಗಳನ್ನು ಜೋಡಿಸಿದ ಅಂಗಿಯೊಂದನ್ನು ಸಿದ್ಧಪಡಿಸಿದ. ಏಳು ವರ್ಷಗಳ ತರುವಾಯ, 1861ರ ಫೆಬ್ರವರಿಯಲ್ಲಿ, ವಿಟ್‌ಬಿ ಎಂಬ ಬಂದರಿನಲ್ಲಿ ಬಿರುಗಾಳಿಗೆ ಸಿಕ್ಕ ರಕ್ಷಣಾದೋಣಿ ಮಗುಚಿತು. ಅದರಲ್ಲಿದ್ದ 13 ಜನರಲ್ಲಿ 12 ಜನ ಮಡಿದರು. ಉಳಿದವನೊಬ್ಬನೇ, ಹೆನ್ರಿ ಫ್ರೀಮನ್. ಆ ಹೊಸ ಬೆಂಡಿನ ಅಂಗಿಯನ್ನು ತೊಟ್ಟಿದ್ದವನೂ ಅವನೊಬ್ಬನೇ. ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕೆ?

ಬೆಂಡು ಭಾರ, ಒರಟು. ಅದರ ಜಾಗಕ್ಕೆ ಮುಂದೆ ಬಿಳಿ ಬೂರುಗದ ಹತ್ತಿ ಬಂತು. ಹಾಸಿಗೆ ದಿಂಬುಗಳಿಗೆ ತುಂಬುವ ಅದೇ ಬೂರುಗ. ಅದರ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ಆದುದರಿಂದ ನೀರು ಸುಲಭವಾಗಿ ಒಳನುಗ್ಗದು. ಈಗ ಆ ಸ್ಥಾನದಲ್ಲಿ ಪ್ಲಾಸ್ಟಿಕ್ ನೊರೆಯ ಹಲಗೆಗಳಿವೆ. ಒಳಗಿನ ವಸ್ತು ಬದಲಾಗಿದೆ, ಕೆಲಸ ಬದಲಾಗಿಲ್ಲ. ಒಳ್ಳೆಯ ಲೈಫ್ ಜಾಕೆಟ್ಟಿನ ನಿಜವಾದ ಪರೀಕ್ಷೆ ತೇಲಿಸುವುದಷ್ಟೇ ಅಲ್ಲ. ಪ್ರಜ್ಞೆ ತಪ್ಪಿದವನನ್ನು ಮುಖ ಮೇಲಾಗುವಂತೆ ತಿರುಗಿಸಿ, ಬಾಯಿ ಮೂಗುಗಳನ್ನು ನೀರಿನಿಂದ ಮೇಲೆ ಹಿಡಿಯುವುದು. ಅದಕ್ಕಾಗಿಯೇ ಎದೆಯ ಕಡೆ ಹೆಚ್ಚು ದಪ್ಪ, ಕುತ್ತಿಗೆಯ ಹಿಂದೆ ಒಂದು ದಿಂಬು. ಎತ್ತುಬಲವನ್ನು ನ್ಯೂಟನ್ ಎಂಬ ಮಾನದಲ್ಲಿ ಅಂಗಿಯ ಮೇಲೆಯೇ ಮುದ್ರಿಸಿರುತ್ತಾರೆ. 50 ಎಂದಿದ್ದರೆ ಅದು ಈಜು ಬಲ್ಲವರಿಗೆ ಬರಿಯ ಆಸರೆ. ಈಜು ಬಾರದವರಿಗೆ, ಗಾಳಿಯ ಅಬ್ಬರವಿಲ್ಲದ ಕೆರೆಯಂಥ ನೀರಿನಲ್ಲಿಯೂ, 100 ಬೇಕು. ಹತ್ತು ನ್ಯೂಟನ್ ಎಂದರೆ ಸುಮಾರು ಒಂದು ಕಿಲೋ ತೂಕದ ಎತ್ತುಬಲವೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿಕೊಳ್ಳಬಹುದು.

ಕಾನೂನು ಏನೆನ್ನುತ್ತದೆ

ನಮ್ಮ ದೇಶದಲ್ಲಿ ಒಳನಾಡಿನ ಯಂತ್ರನೌಕೆಗಳಿಗೆ 1917ರಲ್ಲಿ ಒಂದು ಕಾಯಿದೆ ಬಂತು. ಆಗ ಯಂತ್ರವೆಂದರೆ ಉಗಿಯಂತ್ರ. ಕಾಯಿದೆಯ ಹೆಸರಿನಲ್ಲಿಯೂ ಉಗಿಯೇ ಇತ್ತು. ನೂರು ವರ್ಷ ಬಾಳಿದ ಆ ಕಾಯಿದೆಯ ಬದಲಿಗೆ 2021ರಲ್ಲಿ ಸಂಸತ್ತು ಹೊಸ ಒಳನಾಡು ನೌಕೆಗಳ ಕಾಯಿದೆಯನ್ನು ಅಂಗೀಕರಿಸಿತು. 2022ರಲ್ಲಿ ಅದು ಜಾರಿಗೆ ಬಂದಿತು. ಅದರ ಸಾರ ಸರಳ. ಯಂತ್ರದಿಂದ ನಡೆಯುವ ನೌಕೆಯನ್ನು ತಜ್ಞನೊಬ್ಬ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು, ಅದು ನೋಂದಣಿಯಾಗಬೇಕು, ವಿಮೆ ಇರಬೇಕು, ನಡೆಸುವವನಿಗೆ ಅರ್ಹತೆಯ ಪತ್ರವಿರಬೇಕು, ಆಯಾ ವರ್ಗದ ನೌಕೆಗೆ ನಿಗದಿಯಾದ ಜೀವರಕ್ಷಕ ಸಾಧನಗಳೂ ಬೆಂಕಿ ನಂದಿಸುವ ಸಾಧನಗಳೂ ಅದರಲ್ಲಿರಬೇಕು. ಯಂತ್ರವಿಲ್ಲದ ದೋಣಿಗಳನ್ನೂ ಕಾಯಿದೆ ಬಿಟ್ಟಿಲ್ಲ. ಅವುಗಳ ಮೇಲ್ವಿಚಾರಣೆಗೆ ಸ್ಥಳೀಯ ಸಂಸ್ಥೆಗಳನ್ನು ಎಳೆದು ತಂದಿದೆ. ಇದಕ್ಕೂ ಮೊದಲು, 2017ರಲ್ಲಿ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ದೋಣಿಗಳ ಸುರಕ್ಷತೆಗಾಗಿಯೇ ಮಾರ್ಗಸೂಚಿಯೊಂದನ್ನು ಪ್ರಕಟಿಸಿತ್ತು.

ಕಾನೂನು ಇದೆ ಎಂದು ನೆಮ್ಮದಿಯಿಂದ ಇರಬಹುದೆ? ಇರಲಾಗದೆಂಬುದಕ್ಕೆ ಜಗತ್ತಿನ ಅತ್ಯಂತ ಪ್ರಸಿದ್ಧವಾದ ನೌಕಾದುರಂತವೇ ಸಾಕ್ಷಿ. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಸುಮಾರು 2200 ಜನರಿದ್ದರು; ರಕ್ಷಣಾದೋಣಿಗಳಲ್ಲಿ ಸ್ಥಳವಿದ್ದುದು 1178 ಜನಕ್ಕೆ. ಆಶ್ಚರ್ಯವೆಂದರೆ ಹಡಗಿನವರು ಕಾನೂನು ಮುರಿದಿರಲಿಲ್ಲ. ಆಗಿನ ಬ್ರಿಟಿಷ್ ನಿಯಮ 10,000 ಟನ್ನಿಗೂ ಮೇಲ್ಪಟ್ಟ ಹಡಗುಗಳೆಲ್ಲಕ್ಕೂ 16 ದೋಣಿಗಳನ್ನು ವಿಧಿಸಿ ಸುಮ್ಮನಾಗಿತ್ತು. 46,000 ಟನ್ನಿನ ಹಡಗು ಬರಬಹುದೆಂದು ನಿಯಮ ಬರೆದವರಿಗೆ ಹೊಳೆದಿರಲಿಲ್ಲ. ಟೈಟಾನಿಕ್‌ನಲ್ಲಿ 20 ದೋಣಿಗಳಿದ್ದವು. ನಿಯಮಕ್ಕಿಂತ ನಾಲ್ಕು ಹೆಚ್ಚೇ! ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿದ್ದು ಆ ದುರಂತದ ಬಳಿಕ, 1914ರಲ್ಲಿ. ಕಾನೂನು ಹೇಳುವುದು ಕನಿಷ್ಠವನ್ನು. ವಿವೇಕ ಅಲ್ಲಿಗೆ ನಿಲ್ಲಬಾರದು.

ದೋಣಿಯಲ್ಲಿ ಕಾಣಬೇಕಾದುವು

ಕೆರೆಯಲ್ಲಿ ವಿಹಾರಕ್ಕೆಂದು ನಡೆಸುವ ಯಂತ್ರದೋಣಿಯಲ್ಲಿ ಹತ್ತುವವನ ಕಣ್ಣಿಗೆ ಏನೇನು ಬೀಳಬೇಕು? ಮೊದಲನೆಯದು, ಪ್ರತಿಯೊಬ್ಬರಿಗೂ ಒಂದೊಂದು ಲೈಫ್ ಜಾಕೆಟ್. ಪ್ರತಿಯೊಬ್ಬರಿಗೂ ಎಂದರೆ ಮಡಿಲಿನ ಮಗುವಿಗೂ. ದೊಡ್ಡವರ ಅಂಗಿ ಮಗುವಿಗೆ ಆಗದು. ನೀರಿಗೆ ಬಿದ್ದಾಗ ಅಂಗಿ ಮೇಲೆ ತೇಲಿ ಮಗು ಕೆಳಗೆ ಜಾರುತ್ತದೆ. ಮಕ್ಕಳ ಅಂಗಿಗೆ ಕಾಲುಗಳ ನಡುವೆ ಹಾದು ಬರುವ ಪಟ್ಟಿಯನ್ನು ಇಟ್ಟಿರುವುದು ಇದಕ್ಕಾಗಿಯೇ. ಅಂಗಿಗಳು ದೋಣಿಯ ಮೂಲೆಯಲ್ಲಿ ಗಂಟು ಕಟ್ಟಿ ಬಿದ್ದಿದ್ದರೆ ಪ್ರಯೋಜನವಿಲ್ಲ. ದೋಣಿ ಮಗುಚಲು ಕೆಲವು ಕ್ಷಣ ಸಾಕು. ಅಷ್ಟರಲ್ಲಿ ಗಂಟು ಬಿಚ್ಚಿ, ತನ್ನ ಅಳತೆಯದನ್ನು ಆರಿಸಿ, ಪಟ್ಟಿ ಬಿಗಿದುಕೊಳ್ಳುವ ಸಮಯ ಯಾರಿಗೂ ಸಿಗದು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವೆಂಬುದು ಇದನ್ನೇ. ದಡದಲ್ಲಿಯೇ ತೊಡಬೇಕು, ದಡಕ್ಕೆ ಬಂದ ಮೇಲೆಯೇ ಬಿಚ್ಚಬೇಕು.

ಎರಡನೆಯದು, ಎಸೆಯುವ ಬಳೆ. ಕೆಂಪು ಬಿಳಿ ಬಣ್ಣದ ದೊಡ್ಡ ಉಂಗುರದಂತಿರುವ ಇದನ್ನು ಲೈಫ್ ಬಾಯ್ ಎನ್ನುತ್ತಾರೆ. ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೊಂದಿದೆ. 14.5 ಕಿಲೋ ಕಬ್ಬಿಣವನ್ನು ತೂಗುಹಾಕಿ ಸಿಹಿನೀರಿನಲ್ಲಿ ಬಿಟ್ಟರೆ ಇಪ್ಪತ್ತನಾಲ್ಕು ಗಂಟೆಗಳ ಕಾಲ ಮುಳುಗಕೂಡದು. ಇದಕ್ಕೆ ತೇಲುವ ಹಗ್ಗವೊಂದು ಕಟ್ಟಿರಬೇಕು. ನೀರಿಗೆ ಬಿದ್ದವನ ಕಡೆ ಇನ್ನೊಬ್ಬ ಹಾರುವುದು ಶೌರ್ಯವಾದೀತು. ಆದರೆ ಮುಳುಗುವವನು ಕೈಗೆ ಸಿಕ್ಕವನನ್ನು ಅಪ್ಪಿ ಹಿಡಿಯುತ್ತಾನೆ, ಒಂದು ಸಾವು ಎರಡಾಗುತ್ತದೆ. ಬಳೆ ಎಸೆದು ಹಗ್ಗ ಎಳೆಯುವುದೇ ಜಾಣತನ.

ಮೂರನೆಯದು, ಬೆಂಕಿ ನಂದಿಸುವ ಸಿಲಿಂಡರು. ಸುತ್ತಲೂ ನೀರಿರುವಾಗ ಬೆಂಕಿಯ ಭಯವೇನೆಂದು ನಕ್ಕವರನ್ನು ನಾನು ಕಂಡಿದ್ದೇನೆ. ಪೆಟ್ರೋಲು ನೀರಿಗಿಂತ ಹಗುರ. ಉರಿಯುವ ಪೆಟ್ರೋಲಿನ ಮೇಲೆ ನೀರು ಸುರಿದರೆ ಅದು ನೀರಿನ ಮೇಲೆ ತೇಲಿಕೊಂಡು ಉರಿಯುತ್ತಲೇ ಹರಡುತ್ತದೆ. ಅದರ ಆವಿಯೋ ಗಾಳಿಗಿಂತ ಭಾರ. ಅದು ಮೇಲೇರಿ ಚದುರದೆ ದೋಣಿಯ ತಳದಲ್ಲಿ ಕಾಣದಂತೆ ಕುಳಿತು, ಒಂದು ಕಿಡಿಗಾಗಿ ಕಾಯುತ್ತದೆ. ಆದಕಾರಣ ಯಂತ್ರದ ಗೂಡಿಗೆ ಗಾಳಿಯಾಡಬೇಕು. ಜನ ಹತ್ತಿದ ಮೇಲೆ ಪೆಟ್ರೋಲು ತುಂಬಬಾರದು. ಒಣಪುಡಿಯ ಅಥವಾ ನೊರೆಯ ಸಿಲಿಂಡರು ಚಾಲಕನ ಕೈಗೆ ಎಟುಕುವಲ್ಲಿರಬೇಕು. ಅದರ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ನೋಡಲು ವಿಜ್ಞಾನಿಯೇ ಆಗಬೇಕಾಗಿಲ್ಲ.

ಉಳಿದವನ್ನು ಬೇಗ ಹೇಳಬಹುದು. ಯಂತ್ರ ಕೆಟ್ಟರೆ ದಡ ಸೇರಲು ಹುಟ್ಟು. ಗಾಳಿ ತಳ್ಳದಂತೆ ನಿಲ್ಲಲು ಲಂಗರು. ಕೂಗು ಕೇಳದ ದೂರಕ್ಕೆ ಸೀಟಿ. ಒಳಗೆ ಬಂದ ನೀರನ್ನು ಮೊಗೆದು ಚೆಲ್ಲಲು ಪಾತ್ರೆಯೋ ಪಂಪೋ. ಹೂಳು, ಜೊಂಡು, ನೀರೊಳಗೆ ಮುಳುಗಿದ ಮರದ ಬೊಡ್ಡೆಗಳಿರುವ ನಮ್ಮ ಕೆರೆಗಳಲ್ಲಿ ಯಂತ್ರದ ರೆಕ್ಕೆ ಸಿಕ್ಕಿಬೀಳುವುದು ಸುಲಭ. ಹುಟ್ಟಿಲ್ಲದ ಯಂತ್ರದೋಣಿಯನ್ನು ನಂಬುವಂತಿಲ್ಲ. ವೇಗದ ದೋಣಿಗಳಲ್ಲಿ ಚಾಲಕನ ಮೈಗೂ ಯಂತ್ರದ ಗುಂಡಿಗೂ ಸೇರಿಸಿದ ಒಂದು ದಾರವಿರುತ್ತದೆ. ಅವನು ನೀರಿಗೆ ಬಿದ್ದರೆ ದಾರ ಕಳಚಿ ಯಂತ್ರ ನಿಲ್ಲುತ್ತದೆ. ಇಲ್ಲವಾದರೆ ಚಾಲಕನಿಲ್ಲದ ದೋಣಿ ಸುತ್ತು ಹೊಡೆಯುತ್ತ, ಬಿದ್ದವನ ಮೇಲೆಯೇ ಬರಬಹುದು. ಕತ್ತಲಾದ ಮೇಲೆ ಓಡುವ ನೌಕೆಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪವಿರಬೇಕೆಂಬ ನಿಯಮವುಂಟು. ವಿಹಾರದ ದೋಣಿಯಾದರೋ ಸಂಜೆಗೆ ಮೊದಲೇ ದಡ ಸೇರುವುದು ಉತ್ತಮ.

ತೂಕದ ಮಾತು

ಇಷ್ಟೆಲ್ಲ ಸಾಧನಗಳಿದ್ದೂ ಒಂದಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಅದು ಎಣಿಕೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ 'ಜಲಕನ್ಯಕಾ' ಎಂಬ ಎರಡಂತಸ್ತಿನ ವಿಹಾರದೋಣಿ ಮಗುಚಿ 45 ಜನ ಸತ್ತರು. ದಡದಲ್ಲಿ ಕಂಡ ಕಾಡುಪ್ರಾಣಿಗಳನ್ನು ನೋಡಲು ಎಲ್ಲರೂ ಒಂದೇ ಬದಿಗೆ ಸರಿದರೆಂದು ವರದಿಗಳು ಹೇಳಿದವು. 2019ರ ಜನವರಿ 21ರಂದು ನಮ್ಮದೇ ಕಾರವಾರದಲ್ಲಿ, ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದವರ ದೋಣಿ ಮಗುಚಿ 16 ಜನ ಮಡಿದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿದ್ದು, ಮೀನುಗಾರಿಕೆಯ ದೋಣಿಯೊಂದನ್ನು ಮಾರ್ಪಡಿಸಿ ವಿಹಾರಕ್ಕೆ ಬಿಟ್ಟಿದ್ದ ನೌಕೆ. ಸತ್ತವರು 22, ಅವರಲ್ಲಿ ಮಕ್ಕಳೇ ಅನೇಕರು. ಊರು ಬೇರೆ, ನೀರು ಬೇರೆ. ಮಿತಿಮೀರಿದ ಹೊರೆ ಎಂಬ ಮಾತು ಮಾತ್ರ ಇಂಥ ವರದಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇದರ ಹಿಂದಿನ ಭೌತಶಾಸ್ತ್ರವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲ. ಹೊರೆ ಹೆಚ್ಚಿದಷ್ಟೂ ದೋಣಿ ಕೆಳಗಿಳಿಯುತ್ತದೆ. ನೀರಿನ ಮಟ್ಟಕ್ಕೂ ದೋಣಿಯ ಅಂಚಿಗೂ ನಡುವಣ ಅಂತರ ಕುಗ್ಗುತ್ತದೆ. ಜನ ನಿಂತರೆ, ಮೇಲಂತಸ್ತಿಗೆ ಹತ್ತಿದರೆ, ಗುರುತ್ವಕೇಂದ್ರ ಮೇಲೇರುತ್ತದೆ. ಹೀಗಿರಲು ಎಲ್ಲರೂ ಒಮ್ಮೆ ಒಂದು ಬದಿಗೆ ಬಾಗಿದರೆ ಸಾಕು, ಅಂಚು ನೀರಿಗೆ ತಾಗುತ್ತದೆ. ಒಳಗೆ ಬಂದ ನೀರೂ ಅದೇ ಬದಿಗೆ ಹರಿದು ಉಳಿದ ಕೆಲಸವನ್ನು ಮುಗಿಸುತ್ತದೆ. ಸಿಹಿನೀರು ಕಡಲ ನೀರಿಗಿಂತ ತೆಳುವಾದುದರಿಂದ ಒಂದೇ ಹೊರೆಗೆ ದೋಣಿ ಕೆರೆಯಲ್ಲಿ ತುಸು ಹೆಚ್ಚೇ ಮುಳುಗುತ್ತದೆ ಎಂಬುದನ್ನೂ ನೆನಪಿಡಬೇಕು. ಹಡಗಿನ ಹೊಟ್ಟೆಯ ಮೇಲೆ ಗೆರೆಯೆಳೆದು, ಇದು ಮುಳುಗುವಷ್ಟು ಹೊರೆ ಹೇರಕೂಡದೆಂಬ ನಿಯಮ ಇಂಗ್ಲೆಂಡಿನಲ್ಲಿ 1876ರಲ್ಲಿ ಬಂತು. ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಎಂಬ ಪಾರ್ಲಿಮೆಂಟಿನ ಸದಸ್ಯ ಹಡಗಿನ ಮಾಲೀಕರ ವಿರೋಧವನ್ನು ಎದುರಿಸಿ ಹೋರಾಡಿದುದರ ಫಲವದು. ಇಂದಿಗೂ ಆ ಗೆರೆ ಅವನ ಹೆಸರಿನಿಂದಲೇ ಪ್ರಸಿದ್ಧ. ನಮ್ಮ ಕೆರೆಯ ದೋಣಿಯ ಬದಿಯಲ್ಲಿ ಇಂತಿಷ್ಟೇ ಜನ ಎಂದು ಕನ್ನಡದ ಅಂಕಿಯಲ್ಲಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಉಪಾಧ್ಯಾಯರಿಗೆ ಒಂದು ಮಾತು

ಈ ಲೇಖನದ ವಾಚಕರಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಬಹಳ ಮಂದಿ ಇರುವರೆಂಬುದೇ ನಾನು ಇದನ್ನು ಬರೆಯಲು ಮುಖ್ಯ ಕಾರಣ. 2024ರ ಜನವರಿ 18ರಂದು ಗುಜರಾತಿನ ವಡೋದರಾ ನಗರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿಯೊಂದು ಮಗುಚಿತು. 12 ಮಕ್ಕಳೂ 2 ಮಂದಿ ಉಪಾಧ್ಯಾಯಿನಿಯರೂ ನೀರುಪಾಲಾದರು. ಹೊರೆ ಮಿತಿಮೀರಿತ್ತು; ಲೈಫ್ ಜಾಕೆಟ್ಟುಗಳು ಎಲ್ಲರಿಗೂ ಇರಲಿಲ್ಲ. ಅದು ಕಡಲಲ್ಲ, ಮಹಾನದಿಯೂ ಅಲ್ಲ. ಅಮಾನಿಕೆರೆಯಂತೆ ನಗರದೊಳಗಿನ ಒಂದು ಕೆರೆ. ದಡ ಕಣ್ಣಿಗೆ ಕಾಣುತ್ತಿತ್ತು.

ಪ್ರವಾಸದಲ್ಲಿ ಉಪಾಧ್ಯಾಯನ ಸ್ಥಿತಿ ಬಲು ನಾಜೂಕು. ಹೊತ್ತು ಮೀರುತ್ತಿರುತ್ತದೆ, ಬಸ್ಸಿನವನು ಅವಸರ ಮಾಡುತ್ತಾನೆ, ಮಕ್ಕಳು ಕೈ ಹಿಡಿದು ಎಳೆಯುತ್ತವೆ, ದೋಣಿಯವನು "ಏನೂ ಆಗಲ್ಲ ಬನ್ನಿ ಮೇಷ್ಟ್ರೇ, ದಿನಾ ಓಡ್ಸೋದೇ ತಾನೆ" ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ದಿನವೂ ಏನೂ ಆಗಿರುವುದಿಲ್ಲ. ಆದರೆ ಏನಾದರೂ ಆಗುವ ದಿನ ಮೊದಲೇ ಹೇಳಿ ಬರುವುದಿಲ್ಲವಲ್ಲ! ಆ ಗಳಿಗೆಯಲ್ಲಿ ಮೇಷ್ಟ್ರು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ದೋಣಿಯ ಪ್ರಮಾಣಪತ್ರವೆಲ್ಲಿ? ಎಷ್ಟು ಜನಕ್ಕೆ? ಮಕ್ಕಳ ಅಳತೆಯ ಅಂಗಿಗಳೆಷ್ಟಿವೆ? ಬಳೆಯೂ ಹಗ್ಗವೂ ಎಲ್ಲಿ? ಒಂದಕ್ಕೆ ಉತ್ತರ ಸರಿಯಾಗಿ ಬಾರದಿದ್ದರೂ ಮಕ್ಕಳನ್ನು ದಡದ ಮೇಲೆಯೇ ಕೂರಿಸಿ ಕಡಲೆಕಾಯಿ ಕೊಡಿಸಿ ಹಿಂದಕ್ಕೆ ಕರೆತರುವುದು ಲೇಸು. ಮಕ್ಕಳು ಒಂದು ಸಂಜೆ ಮುನಿಸಿಕೊಂಡಾರು. ಆ ಮುನಿಸನ್ನು ಹೊರಬಹುದು.

ಇದು ಒಬ್ಬ ಮೇಷ್ಟ್ರಿಂದಲೇ ಆಗತಕ್ಕ ಕೆಲಸವೂ ಅಲ್ಲ. ದೋಣಿ ಬಿಡಲು ಗುತ್ತಿಗೆ ಕೊಡುವ ಸ್ಥಳೀಯ ಸಂಸ್ಥೆ ಮೊದಲು ಪರೀಕ್ಷೆ, ಆಮೇಲೆ ಹರಾಜು ಎಂಬ ಕ್ರಮವನ್ನು ಹಿಡಿಯಬೇಕು. ಪರೀಕ್ಷೆಯ ಪತ್ರವನ್ನು ಟಿಕೆಟ್ ಕಟ್ಟೆಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ತೂಗುಹಾಕಬೇಕು. ಬಾವಿ ಬತ್ತಿದ ಊರುಗಳ ಮಕ್ಕಳಿಗೆ ಈಜು ಕಲಿಸುವ ದಾರಿಯನ್ನೂ ಶಾಲೆಗಳು ಯೋಚಿಸಬೇಕು. ದುರಂತವಾದ ಮೇಲೆ ಸಮಿತಿ ರಚಿಸುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಅಮಾನಿ ಎಂಬ ಶಬ್ದವನ್ನು ನಾವು ದಿನವೂ ಬಳಸುತ್ತೇವೆ, ಅರ್ಥವನ್ನು ಮರೆತಿದ್ದೇವೆ. ಹಳೆಯ ಕಂದಾಯದ ಲೆಕ್ಕದಲ್ಲಿ, ಗುತ್ತಿಗೆಗೆ ಕೊಡದೆ ಸರ್ಕಾರ ತಾನೇ ನೋಡಿಕೊಳ್ಳುವ ಸ್ವತ್ತಿಗೆ ಅಮಾನಿ ಎಂದು ಹೆಸರು. ಅಮಾನತ್ತು ಎಂಬುದೂ ಅದೇ ಕುಲದ ಮಾತು. ನಂಬಿ ಒಪ್ಪಿಸಿದ್ದು ಎಂದು ಅದರ ತಾತ್ಪರ್ಯ. ಕೆರೆಯನ್ನು ಹಾಗೆ ಒಪ್ಪಿಸಿಕೊಂಡವರು, ಅದರ ನೀರಿನ ಮೇಲೆ ತೇಲುವ ಜೀವಗಳನ್ನೂ ಒಪ್ಪಿಸಿಕೊಂಡಂತೆಯೇ. ಮಗುವಿನ ಕೈಯನ್ನು ಹಿಡಿದು ದೋಣಿಗೆ ಹತ್ತಿಸಿಕೊಳ್ಳುವ ಅಂಬಿಗನಿಗೂ, ಆ ಕೈಯನ್ನು ಅವನಿಗೆ ಕೊಡುವ ನಮಗೂ ಈ ಮಾತು ಸಲ್ಲುತ್ತದೆ.